ಗೋಡೆಗೆ ತೂಗುಹಾಕಿದ್ದ ಬೆಲ್ಟು

ಸುಳ್ಯಕ್ಕೆ ಇನ್ನೂ ಕರೆಂಟು ಬಾರದ ಕಾಲದಲ್ಲಿ ನಾನು ಅಲ್ಲಿನ ಒಂದು ಅಕ್ಕಿ ಮಿಲ್ಲಿನಲ್ಲಿ ಗೆರಸೆ ಹಿಡಿದು ಅಕ್ಕಿ ಕೇರುತ್ತಿದ್ದೆ. ಇಂಜಿನ್ನಿನಿಂದ ಯಂತ್ರಕ್ಕೆ ಸುತ್ತುವ ಚರ್ಮದ ಬೆಲ್ಟಿನ ತುಂಬ ಹೊಲಿಗೆಗಳಿದ್ದವು. ಹೊಲಿಗೆ ಚಕ್ರ ದಾಟುವಾಗೆಲ್ಲ 'ಟಕ್' ಎನ್ನುತ್ತಿತ್ತು. ಆ ಸದ್ದಿಗೆ ನಮ್ಮ ಧಣಿಗಳ ಕೈ ಎದೆಗೆ ಹೋಗುತ್ತಿತ್ತು. ಎಲ್ಲಿ ಕಡಿದುಹೋಗಿ ಬಡಿಯುತ್ತದೋ ಎಂದು ಹೆಂಗಸರು ನಾವು ತಲೆ ತಗ್ಗಿಸುತ್ತಿದ್ದೆವು.

ಹೊಸ ಬೆಲ್ಟು ಇರಲಿಲ್ಲವೆಂದಲ್ಲ. ಹಿಂದೊಂದು ಕೊಯ್ಲಿನ ಹಣದಲ್ಲಿ ತಂದದ್ದನ್ನು ಧಣಿಗಳು ಗೋಣಿಯಲ್ಲಿ ಸುತ್ತಿ ಗೋಡೆಯ ಮೊಳೆಗೆ ತೂಗುಹಾಕಿದ್ದರು.

"ಅದನ್ನು ಹಾಕುದಲ್ವಾ ಧಣಿಗಳೇ?" ಎಂದು ಒಮ್ಮೆ ಕೇಳಿದೆ.

"ಹಾಕಿದರೆ ಅದೂ ಸವೀತದೆ ಮಾರಾಯ್ತಿ. ಮತ್ತೊಂದು ತರ್ಲಿಕ್ಕೆ ಎಂತ ಉಂಟು? ಬ್ಯಾಂಕಿನವರು ಚಿನ್ನ ಇಟ್ಟರೆ ಮಾತ್ರ ಸಾಲ ಕೊಡುದು. ಮನೆಯವಳ ಬಳೆ ಇಂಜಿನ್ನು ತರುವಾಗಲೇ ಅಲ್ಲಿಗೆ ಹೋಗಿದೆ. ಮಳೆಗಾಲದಲ್ಲಿ ಭತ್ತವೇ ಬರುದಿಲ್ಲ. ಈ ಕೊಯ್ಲು ಒಂದು ಮುಗಿಯಲಿ."

ಪ್ರತಿ ಕೊಯ್ಲಿಗೂ ಅದೇ ಮಾತು.

ಒಂದು ಮಧ್ಯಾಹ್ನ, ಅಂಗಳದ ತುಂಬ ಭತ್ತದ ಗೋಣಿಗಳು ಕಾಯುತ್ತಿರುವಾಗ, ಬೆಲ್ಟು ಕಡಿದುಹೋಗಿ ಚಾಟಿಯಂತೆ ಬೀಸಿತು. ನನ್ನ ಕಿವಿಯ ಪಕ್ಕದಲ್ಲೇ ಹಾದು, ಕೈಯಲ್ಲಿದ್ದ ಗೆರಸೆಯನ್ನು ಸೀಳಿಹಾಕಿತು.

ಧಣಿಗಳು ಓಡಿಬಂದರು. "ಎಂತ ಆಗ್ಲಿಲ್ಲ ಅಲ್ವಾ? ಎಂತ ಆಗ್ಲಿಲ್ಲ ಅಲ್ವಾ?"

ಆಮೇಲೆ ಗೋಡೆಯ ಬಳಿ ಹೋಗಿ ಗೋಣಿ ಬಿಚ್ಚಿದರು. ಅಂತೂ ಹೊಸದನ್ನು ಹಾಕುತ್ತಾರೆ ಎಂದುಕೊಂಡೆ. ಅವರು ಹೊಸ ಬೆಲ್ಟನ್ನು ಅಂಗೈಯಿಂದ ಒಮ್ಮೆ ಸವರಿದರು. ಮತ್ತೆ ಹಾಗೆಯೇ ಸುತ್ತಿ ಮೊಳೆಗೆ ಹಾಕಿ, ದಬ್ಬಣ ಹಿಡಿದು ಬಂದರು. ಹಳೆಯದರ ಎರಡು ತುದಿಗಳನ್ನೂ ನನ್ನ ಕೈಗೆ ಕೊಟ್ಟರು.

"ಗಟ್ಟಿ ಹಿಡ್ಕೊ ಮಾರಾಯ್ತಿ."