ಬೇಡಿ ತಂದ ಹೆಸರು

ನನ್ನ ಹೆಸರು ಅರಬ್ಬಿಯದು. ಮನೆ, ಮನೆದೇವರು, ನೆಂಟರಿಷ್ಟರು ಯಾವುದೂ ಅರಬ್ಬಿಯದಲ್ಲ. ತುರುವೇಕೆರೆ ಕಡೆಯ ಒಂದು ಹಳ್ಳಿಯಲ್ಲಿ ಒಂದಿಷ್ಟು ತೆಂಗಿನ ತೋಟ, ಮಳೆ ಬಂದರೆ ರಾಗಿ ಕೊಡುವ ಹೊಲ, ಕೊಟ್ಟಿಗೆ ತುಂಬ ದನ ಇದ್ದ ಒಕ್ಕಲು ಮನೆ ನಮ್ಮದು. ಹೆಸರಿನ ಬಾಲಕ್ಕೆ ಒಂದು 'ಅಪ್ಪ' ಸೇರಿಸಿದ್ದರಿಂದ ಊರಿನವರ ಬಾಯಲ್ಲಿ ಅದು ಸಲೀಸಾಗಿ ಹೊರಳುತ್ತಿತ್ತು. ಊರು ದಾಟಿದ ಮೇಲೆ ಮಾತ್ರ ತೊಂದರೆ. ಹೆಸರು ಕೇಳಿದವರು ಒಮ್ಮೆ ನನ್ನ ಹಣೆ ನೋಡುತ್ತಿದ್ದರು. ಅಲ್ಲಿ ಅವ್ವ ಇಟ್ಟು ಕಳಿಸಿದ ಕುಂಕುಮ ಇರುತ್ತಿತ್ತು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಮತ್ತೊಮ್ಮೆ ಕೇಳುತ್ತಿದ್ದರು.

ಇದು ಬೇಡಿ ತಂದ ಹೆಸರು. ನಮ್ಮ ಅಕ್ಕನ ಬೆನ್ನಿಗೆ ಹುಟ್ಟಿದ ಇಬ್ಬರು ಗಂಡುಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರು. ನಾನು ಹೊಟ್ಟೆಯಲ್ಲಿದ್ದಾಗ ಅವ್ವ ಬಾಬಯ್ಯನ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ಊರ ಮುಂದಿನ ಕೊಂಡದ ಬೆಂಕಿಗೆ ಕೈಮುಗಿದು ಹರಕೆ ಹೊತ್ತಳು. ಈ ಮಗು ಉಳಿದರೆ ನಿನ್ನ ಹೆಸರೇ ಇಡುತ್ತೇನೆ ಎಂದು. ಊರಿನ ಸಾಬರ ಕೈಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ ತಂದು ತಿಂದಳು. ನಾನು ಉಳಿದೆ. ನಮ್ಮ ಸೀಮೆಯಲ್ಲಿ ಹೀಗೆ ಹೆಸರು ಪಡೆದವನು ನಾನೊಬ್ಬನೇ ಏನಲ್ಲ.

ಸ್ವಲ್ಪ ದೊಡ್ಡವನಾದ ಮೇಲೆ ಅವ್ವನನ್ನು ಕೇಳಿದ್ದೆ, ನಮ್ಮ ದೇವರು ಇರಲಿಲ್ಲವೇ ಎಂದು. ಅವಳು ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸದೆಯೇ ಹೇಳಿದಳು. "ನಮ್ ದೇವ್ರುನ್ನೂ ಕೇಳಿದ್ದೆ ಕಣಪ್ಪ, ಎಲ್ಡು ಸಲ. ಈವಯ್ಯ ನದಿ ಪಕ್ಕದಲ್ಲೇ ಇದ್ಕಂಡು ನೀರಿಲ್ದೆ ಸತ್ತೋನಂತೆ. ಹಾಲು ಕುಡಿಯೋ ಮಗೀನೂ ಕಳ್ಕಂಡೋನಂತೆ. ಮಕ್ಳು ಕಳ್ಕಂಡೋರ ಸಂಕ್ಟ ಅವ್ನಿಗ್ ಗೊತ್ತಾಗ್ದೆ ಇನ್ಯಾರಿಗ್ ಗೊತ್ತಾಯ್ತದೆ?"

ಆ ಹೆಸರಿನ ಮೊದಲಿಗ, ಪ್ರವಾದಿಯ ಮೊಮ್ಮಗ, ನಮ್ಮ ಮನೆಗೆ ಬಂದದ್ದು ಹೀಗೆ. ಅವನಿಗಾಗಿ ಅವ್ವ ಪ್ರತಿ ವರ್ಷ ಹಬ್ಬದ ದಿನ ಎಳನೀರು ಹಂಚುತ್ತಿದ್ದಳು. ಇದು ಬೇರೆಯವರಿಗೆ ದೊಡ್ಡ ವಿಷಯ ಅನ್ನಿಸದಿರಬಹುದು. ಕೊಬ್ಬರಿಯಿಂದಲೇ ಬದುಕುವ ತಿಪಟೂರಿನ ಸುತ್ತ ಕಾಯಿ ಬಲಿಯಬೇಕು, ಅಟ್ಟಕ್ಕೆ ಏರಬೇಕು, ತಿಂಗಳುಗಟ್ಟಲೆ ಅಲ್ಲೇ ಕೂತು ಒಳಗಿನ ನೀರೆಲ್ಲ ಆರಿ, ಅಲ್ಲಾಡಿಸಿದರೆ ಕೊಬ್ಬರಿ ಗಿಟಕು ಗಡಗಡ ಅನ್ನಬೇಕು. ಎಳನೀರು ಕೀಳುವುದೆಂದರೆ ಹೊಡೆ ಒಡೆದು ತೆನೆ ಬರುವ ಮೊದಲೇ ರಾಗಿ ಕೊಯ್ದ ಹಾಗೆ. ಅಪ್ಪ ವರ್ಷವೂ ಗೊಣಗುತ್ತಿದ್ದ, ವರ್ಷವೂ ಕೀಳಿಸಿ ಕೊಡುತ್ತಿದ್ದ. ನನ್ನನ್ನು ನೋಡಿದಾಗೆಲ್ಲ ಅವನಿಗೆ ಎಷ್ಟು ಕೊಬ್ಬರಿ ಹಾಳಾಯಿತು ಅನ್ನುವುದು ನೆನಪಾಗುತ್ತಿತ್ತೋ ಏನೋ.

ಹೆಸರು ಬಿಟ್ಟರೆ, ಕೊಟ್ಟವನು ಮಗನನ್ನೂ ವಾಪಸು ಕೇಳುತ್ತಾನೆ ಎಂಬುದು ಅವ್ವನ ನಂಬಿಕೆ. ನಂಬಿಕೆ ಅಂದರೆ ಮೆದುವಾಯಿತು, ಅದು ಅವಳ ಭಯ. ಹೈಸ್ಕೂಲಿಗೆ ಸೇರಿಸಲು ಹೋದಾಗ ಹೆಡ್‌ಮಾಸ್ತರು ಒಳ್ಳೆಯ ಮನಸ್ಸಿನಿಂದಲೇ, ಮುಂದೆ ಹುಡುಗನಿಗೆ ತೊಡಕಾದೀತು, ಬೇರೆ ಹೆಸರು ಬರೆಸಿ ಅಂದರು. ಅವ್ವ ಸೆರಗು ಬಿಗಿ ಮಾಡಿಕೊಂಡು, "ಹಂಗಾರೆ ಸ್ಕೂಲೇ ಬ್ಯಾಡ ಬುಡಿ, ದನ ಮೇಯಿಸ್ಕಂಡು ಬದ್ಕಿರ್ಲಿ" ಎಂದು ನನ್ನ ಕೈ ಹಿಡಿದು ಎದ್ದೇಬಿಟ್ಟಳು. ಅವರು ನಗುತ್ತ ನನ್ನ ಹೆಸರನ್ನು ಇದ್ದ ಹಾಗೇ ಬರೆದುಕೊಂಡರು.

ಅದೇ ಸ್ಕೂಲಿನಲ್ಲಿ ನನಗೆ ಇದೇ ಹೆಸರಿನ ಇನ್ನೊಬ್ಬ ಸಿಕ್ಕಿದ. ಚರಿತ್ರೆಯ ಪಾಠದಲ್ಲಿ ವಿಜಯನಗರ ಬಿತ್ತು, ಅದನ್ನು ಆಳುತ್ತಿದ್ದ ಮುದುಕನ ತಲೆ ಕಡಿಸಿದ ಸುಲ್ತಾನನ ಹೆಸರನ್ನು ಮೇಷ್ಟ್ರು ಓದಿದರು, ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಪಕ್ಕದವನು ಪಿಸುಮಾತಿನಲ್ಲಿ, "ಯಾಕ್ಲಾ ಕಡಿಸ್ದೆ?" ಅಂದ. ಪರೀಕ್ಷೆ ಮುಗಿಯುವವರೆಗೂ ಹಂಪೆ ಹಾಳು ಮಾಡಿದ ಲೆಕ್ಕವೆಲ್ಲ ನನ್ನ ತಲೆಗೇ ಬಂತು. ಸಿಟ್ಟು ಬಂದಿತ್ತು. ಆದರೆ ಆ ಸಿಟ್ಟಿನಲ್ಲೇ ನನಗೊಂದು ಚಾಳಿ ಹತ್ತಿಕೊಂಡಿತು. ಈ ಹೆಸರು ಹೊತ್ತವರು ಇನ್ನೂ ಯಾರ್ಯಾರು ಇದ್ದಾರೆ, ಎಲ್ಲರೂ ತಲೆ ಕಡಿಯುವವರೇನಾ, ನೋಡೇಬಿಡೋಣ ಎಂದು ಹುಡುಕತೊಡಗಿದೆ.

ಬೇಗನೆ ಸಿಕ್ಕವನು ಬಂಗಾಳದ ಒಬ್ಬ ಸುಲ್ತಾನ. ಅವನ ಕಾಲದಲ್ಲಿ ಅಲ್ಲಿಯ ಜನರ ಭಾಷೆಯಲ್ಲಿ ಬರೆಯುವ ಕವಿಗಳಿಗೆ ಆಶ್ರಯ ಸಿಕ್ಕಿತ್ತಂತೆ. ಪೇಪರಿನಲ್ಲಿ ಆಗಾಗ ಫೋಟೋ ಬರುತ್ತಿದ್ದ ಒಬ್ಬ ಅರಬ್ ರಾಜ ಸಿಕ್ಕಿದ. ಗಿಡ್ಡ ಆಳು, ತಾನೇ ವಿಮಾನ ಓಡಿಸುತ್ತಿದ್ದನಂತೆ. ಅವನು ವಿಮಾನ ಓಡಿಸಿದರೆ ನನಗೇನು ಬಂತು ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಆ ಪೇಪರು ಅಂಗಡಿಯಲ್ಲಿ ಬೆಲ್ಲ ಕಟ್ಟಲು ಹೋಗುವುದನ್ನು ತಪ್ಪಿಸಿ ಮನೆಗೆ ತಂದಿದ್ದೆ.

ಮುಂದೆ ನಾನು ಕಿಬ್ಬನಹಳ್ಳಿಯ ಕಡೆ ಒಂದು ಸ್ಕೂಲಿನಲ್ಲಿ ಮೇಷ್ಟ್ರಾದೆ. ತಿಪಟೂರಿನ ಉರ್ದು ಮೇಷ್ಟ್ರೊಬ್ಬರು ಅದೇ ಬಸ್ಸಿಗೆ ಬರುತ್ತಿದ್ದರು. ಮೊದಲ ಸಲ ಹೆಸರು ಕೇಳಿದಾಗ ಅವರು ನನ್ನ ಹಣೆ ನೋಡಲಿಲ್ಲ, ಬದಲಿಗೆ ಸೀಟಿನಲ್ಲಿ ಜಾಗ ಬಿಟ್ಟರು. ನನ್ನ ಚಾಳಿ ಗೊತ್ತಾದ ಮೇಲೆ ಒಂದು ಬೆಳಗ್ಗೆ ಇಬ್ಬರನ್ನು ಒಟ್ಟಿಗೇ ಕೊಟ್ಟರು. ಒಬ್ಬ ವೈದ್ಯ. ಅವನು ಬರೆದದ್ದನ್ನು ಎಷ್ಟೋ ದೇಶಗಳ ವೈದ್ಯರು ನೂರಾರು ವರ್ಷ ಓದಿದರು, ನಮ್ಮ ಹಕೀಮರು ಈಗಲೂ ಅವನನ್ನು ನೆನೆಯುತ್ತಾರೆ. ಇನ್ನೊಬ್ಬ ಸಂತ, ಹತ್ತಿ ಹಿಂಜುವವನ ಮಗ. ತಾನೇ ಸತ್ಯ ಅಂದಿದ್ದಕ್ಕೆ ಬಾಗ್ದಾದಿನಲ್ಲಿ ಅವನನ್ನು ಕೊಂದರು. ಎರಡೂ ನಾನು ಕೇಳಿದ್ದ ಹೆಸರುಗಳೇ, ಯಾವುದೂ ನನ್ನ ಹೆಸರಲ್ಲ.

"ಅವರಿಬ್ಬರೂ ನಮ್ಮವರು ಹೇಗೆ ಸಾರ್?" ಅಂದೆ.

"ವೈದ್ಯನನ್ನ ಲೋಕ ಕರೆಯೋದು ವಂಶದ ಹಿರಿಯನ ಹೆಸರಿಂದ. ಸಂತನನ್ನ ಕರೆಯೋದು ಅಪ್ಪನ ಹೆಸರಿಂದ. ಇಬ್ಬರಿಗೂ ಮನೇಲಿ ಇಟ್ಟಿದ್ದು ಮಾತ್ರ ನಿಮ್ಮ ಹೆಸರೇ ಕಣ್ರೀ. ಹೊರಗಿನವರು ಮರೆತರು ಅಷ್ಟೇ. ಅವರ ತಾಯಂದಿರು ಕೂಗಿದ್ದು ಇದನ್ನೇ ಅಲ್ವಾ?"

ಆ ಮಾತು ನನಗೆ ಹಿಡಿಸಿತು. ಮನೆಗೆ ಬಂದು ಅವ್ವನಿಗೂ ಹೇಳಿದೆ. ವೈದ್ಯನ ಓದು, ಸಂತನ ಸಾವು ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ. "ಹೆಸ್ರು ಕಳ್ಕಂಡ ಮ್ಯಾಕೆ ಅವ್ರು ಬಾಳ ದಿನ ಬದ್ಕಿದ್ರಾ?"

ಎಂಬತ್ತನೇ ಇಸವಿಯ ಆಸುಪಾಸಿಗೆ ನನ್ನ ಮದುವೆಯ ಮಾತು ಶುರುವಾಯಿತು. ನೋಡಿದ ಮೊದಲಿನ ಸಂಬಂಧಗಳು ಹೆಸರಿನ ಹತ್ತಿರವೇ ಮುಗ್ಗರಿಸಿದವು. ನೌಕರಿ ಒಪ್ಪಿಗೆ, ತೋಟ ಒಪ್ಪಿಗೆ, ಹುಡುಗನೂ ಪರವಾಗಿಲ್ಲ, ಆದರೆ ಹೆಸರು. ಆಮೇಲೆ ಹಂದನಕೆರೆ ಕಡೆಯ ಒಂದು ಮನೆಯವರು ಒಪ್ಪಿದರು. ಹುಡುಗಿಯ ಅಪ್ಪ ನೇರ ಮನುಷ್ಯ, ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದರು. "ನನ್ಗೇನೂ ಇಲ್ಲ ಕಣ್ರೀ. ಆದ್ರೆ ಲಗ್ನಪತ್ರಿಕೆ ಓದಿ ನೆಂಟ್ರು ಏನಂದಾರು? ಸಾಬ್ರಿಗೆ ಹೆಣ್ ಕೊಟ್ಟ ಅಂತಾರೆ. ಪತ್ರಿಕೇಲಿ, ಧಾರೇಲಿ ನಿಮ್ ಮನೆದೇವ್ರ ಹೆಸ್ರು ಹಾಕಿಸ್ಬುಡಿ. ಇನ್ಮುಂದೆ ಅದೇ ಹೆಸ್ರು ಇರ್ಲಿ."

ಅಪ್ಪ ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ. ಹುಡುಗಿ ನನಗೆ ಹಿಡಿಸಿದ್ದಳು, ಅದನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಇರಲಿಲ್ಲ, ಅವ್ವನಿಗೆ ಹೇಳುವ ಅಗತ್ಯವೂ ಇರಲಿಲ್ಲ. ಅವಳಿಗೆ ಇದ್ದದ್ದು ಎರಡೇ ಆಸೆ. ನಾನು ಬದುಕಿರಬೇಕು, ನನಗೊಂದು ಸಂಸಾರ ಆಗಬೇಕು. ಈಗ ಒಂದಕ್ಕೆ ಇನ್ನೊಂದು ಅಡ್ಡ ನಿಂತಿತ್ತು. ಸ್ಕೂಲಿನಿಂದ ನನ್ನ ಕೈ ಹಿಡಿದು ಎದ್ದು ಬಂದ ಹೆಂಗಸು ಈಗಲೂ ಏಳುತ್ತಾಳೆ ಎಂದುಕೊಂಡೆ. ಅವಳು ಏಳಲಿಲ್ಲ. ಕಂಬಕ್ಕೆ ಒರಗಿಕೊಂಡು, "ಆಗ್ಲಿ ಬುಡಿ" ಅಂದಳು.

ಪತ್ರಿಕೆ ಬಂತು. ಹೊಸ ಹೆಸರು ಅದರ ನಡುವೆ ಅರಿಶಿನ ಹಚ್ಚಿಸಿಕೊಂಡು ಕೂತಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿ ದೇವರ ಗೂಡಿನಲ್ಲಿ ಇಟ್ಟಳು. ಅವತ್ತಿನಿಂದ ನಾನು ಕೆಮ್ಮಿದರೆ ಸಾಕು, ಅಡುಗೆಮನೆಯಿಂದ ಓಡಿ ಬರುತ್ತಿದ್ದಳು. ಸೈಕಲ್ ಹತ್ತಲು ಬಿಡುತ್ತಿರಲಿಲ್ಲ. ಬಾವಿಯ ಕಡೆ ಹೋದರೆ ಹಿಂದೆಯೇ ಬರುತ್ತಿದ್ದಳು. ಇಷ್ಟು ವಯಸ್ಸಿನವನನ್ನು ಹೀಗೆ ಕಾಯುತ್ತೀಯಲ್ಲ ಎಂದು ನಾನು ರೇಗಿದ್ದೂ ಉಂಟು.

ಮದುವೆ ಹುಡುಗಿಯ ಊರಿನಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಆಯಿತು. ಧಾರೆಯ ಹೊತ್ತಿಗೆ ಪುರೋಹಿತರು ಮಂತ್ರದ ನಡುನಡುವೆ ನನ್ನ ಹೊಸ ಹೆಸರು ಹೇಳುತ್ತಿದ್ದರು. ಪ್ರತಿ ಸಲವೂ ಯಾರನ್ನೋ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ವಾಲಗದ ಸದ್ದು ಒಂದು ಗಳಿಗೆ ತಗ್ಗಿದಾಗ ನನ್ನ ಬೆನ್ನ ಹಿಂದೆ ಇನ್ನೊಂದು ದನಿ ಕೇಳಿಸಿತು. ಅವ್ವ ಹಿಂದೆ ನಿಂತಿದ್ದಳು. ಪುರೋಹಿತರು ಹೊಸ ಹೆಸರು ಹೇಳಿದ ತಕ್ಷಣ ಅವಳು ಮೆಲ್ಲಗೆ, ತುಟಿಯಲ್ಲೇ, ಹಳೆಯದನ್ನು ಹೇಳುತ್ತಿದ್ದಳು. ಅವರೊಂದು ಸಲ, ಇವಳೊಂದು ಸಲ. ಮೇಲಿರುವವನಿಗೆ ಲೆಕ್ಕ ತಪ್ಪಬಾರದಲ್ಲ. ಹೋಮದ ಹೊಗೆಯಿಂದ ಎಂದು ನೋಡಿದವರು ತಿಳಿದುಕೊಳ್ಳಲಿ ಎಂದು ನಾನು ಕಣ್ಣು ಉಜ್ಜಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ತಲೆ ತಗ್ಗಿಸಿಕೊಂಡೇ ಇದ್ದಳು.

ಮಾರನೆಯ ದಿನ ಹೆಣ್ಣನ್ನು ನಮ್ಮ ಮನೆ ತುಂಬಿಸಿಕೊಳ್ಳುವ ಶಾಸ್ತ್ರ. ನಮ್ಮ ಕಡೆ ಹೊಸಿಲು ದಾಟುವ ಮೊದಲು ಸೊಸೆ ಗಂಡನ ಹೆಸರು ಹೇಳಬೇಕು. ಆಮೇಲೆ ಅವಳು ಜನ್ಮದಲ್ಲಿ ಆ ಹೆಸರು ಎತ್ತುವ ಹಾಗಿಲ್ಲ, ಆದ್ದರಿಂದ ಆ ಒಂದು ಸಲ ಬಾಯಿ ಬಿಡಿಸುವುದರಲ್ಲಿ ಹೆಂಗಸರಿಗೆ ಭಾರಿ ಖುಷಿ. ಅಕ್ಕ ಎರಡು ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಗಂಡನ್ ಹೆಸ್ರು ಹೇಳು, ಒಳೀಕ್ ಬಾ ಕಣೇ. ಇಲ್ದಿದ್ರೆ ಇಲ್ಲೇ ನಿಂತಿರು."

ಹಿಂದೆ ಇದ್ದ ಹೆಂಗಸರೆಲ್ಲ ನಕ್ಕರು. ಹುಡುಗಿಯ ಜೊತೆ ಬಂದಿದ್ದ ಅವಳ ಚಿಕ್ಕಮ್ಮ ಕಿವಿಯ ಹತ್ತಿರ ಬಗ್ಗಿ, "ಹೇಳು ಮಗ, ಪತ್ರಿಕೇಲಿ ಐತಲ್ಲ, ಅದೇ" ಅಂದಳು. ಅವ್ವ ಒಳಗಡೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ತುಟಿ ಆಗಲೇ ಅಲ್ಲಾಡುತ್ತಿತ್ತು, ಇಲ್ಲೂ ಹಿಂದಿನಿಂದ ಒಂದು ಸಲ ಸೇರಿಸಿಬಿಡಲು ತಯಾರಾಗಿದ್ದಳು.

ಹುಡುಗಿ ತಲೆ ಎತ್ತಿದಳು. ನನ್ನನ್ನು ನೋಡಲಿಲ್ಲ, ಅವ್ವನನ್ನು ನೋಡಿದಳು. ಆಮೇಲೆ ಅವ್ವ ಬೇಡಿ ತಂದ ಆ ಹೆಸರನ್ನು, ಬಾಲದ 'ಅಪ್ಪ'ನ ಸಮೇತ, ಬೀದಿಯವರೆಗೆ ಕೇಳುವಂತೆ ಹೇಳಿದಳು.

ನಗು ನಿಂತಿತು. ಚಿಕ್ಕಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ಅಕ್ಕನ ಚಾಚಿದ ಕೈಗಳು ತಾವಾಗಿಯೇ ಕೆಳಗಿಳಿದವು. ಅವ್ವನ ತಟ್ಟೆ ವಾಲಿ ಆರತಿಯ ಕೆಂಪು ನೀರು ಸೀರೆಯ ಮೇಲೆ ಚೆಲ್ಲಿತು. ಅವಳು ಒರೆಸಿಕೊಳ್ಳಲೂ ಇಲ್ಲ. ಸೊಸೆಯನ್ನು ಒಳಗೆ ಕರೆದು ಕೂರಿಸಿ ಅಪ್ಪನನ್ನು ಕೂಗಿದಳು.

"ಎಳ್ನೀರು ಕೀಳ್ಸಿ."

"ಹಬ್ಬ ಇನ್ನೂ ದೂರ ಐತಲ್ಲೇ."

"ಹಬ್ಬುಕ್ಕಲ್ಲ. ಈ ಮಗೀಗೆ. ಬಾಯಿ ಒಣಗೈತೆ."

ಅಪ್ಪ ಗೊಣಗದೆ ಮಚ್ಚು ತೆಗೆದುಕೊಂಡು ತೋಟಕ್ಕೆ ಹೋದ. ನನಗೆ ಗೊತ್ತಿರುವ ಹಾಗೆ ಅದೊಂದೇ ಸಲ. ಅವತ್ತು ಸಂಜೆ ನಾನು ಬಾವಿಯ ಕಡೆ ಹೋದಾಗ ಅವ್ವ ಹಿಂದೆ ಬರಲಿಲ್ಲ.

ಸುದ್ದಿ ಹಂದನಕೆರೆಗೂ ಮುಟ್ಟಿತು. ಮಾವನವರು ತಿಂಗಳು ಬಿಟ್ಟು ಬಂದರು, ಮುಖ ಸ್ವಲ್ಪ ಗಂಟಿಕ್ಕಿಕೊಂಡಿತ್ತು. ನನ್ನನ್ನು 'ಅಳಿಯಂದ್ರೇ' ಎಂದು ಕರೆದರು. ಕೊನೆಯವರೆಗೂ ಹಾಗೇ ಕರೆದರು, ಅವರಿಗೆ ಎರಡು ಹೆಸರಿನ ತಾಪತ್ರಯವೇ ಬರಲಿಲ್ಲ.

ಎಷ್ಟೋ ದಿನದ ಮೇಲೆ ಹೆಂಡತಿಯನ್ನು ಕೇಳಿದೆ, ಮನೆಯವರು ಹೇಳಿಕೊಟ್ಟದ್ದನ್ನು ಬಿಟ್ಟು ಅದನ್ನು ಯಾಕೆ ಹೇಳಿದೆ ಎಂದು. ಅವಳು ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಧಾರೇಲಿ ಅತ್ತೆ ಹಿಂದ್ಗಡೆ ನಿಂತು ಒಂದೇ ಸಮ್ನೆ ಅಂತಿದ್ರಲ್ಲ, ನನ್ಗೂ ಕೇಳಿಸ್ತಿತ್ತು. ಅಳ್ತಾ ಹೇಳ್ತಿದ್ರು. ಅವ್ರಿಗಿಂತ ನಮ್ಮಪ್ಪುನ್ಗೆ ಗೊತ್ತಾ, ಅವ್ರ ಮಗುನ್ ಹೆಸ್ರು?"

"ಇನ್ನೊಂದ್ಸಲ ಹೇಳು ನೋಡೋಣ" ಅಂದೆ.

"ಗಂಡನ್ ಹೆಸ್ರು ಹೇಳ್ಬಾರ್ದು ಕಣ್ರೀ" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಇವತ್ತಿಗೂ ಹೇಳಿಲ್ಲ. ಸುಲ್ತಾನರು, ವೈದ್ಯ, ಸಂತ, ವಿಮಾನ ಓಡಿಸಿದ ರಾಜ, ಇಷ್ಟು ಜನರನ್ನು ಎಳೆದು ತಂದವನು ಆ ಹೆಸರನ್ನೇ ಯಾಕೆ ಬರೆಯಲಿಲ್ಲ ಎಂದು ಓದಿದವರು ಕೇಳಬಹುದು. ಬರೆಯಲು ಒಂದೆರಡು ಸಲ ನೋಡಿದೆ. ಅವಳು ಹೊಸಿಲ ಮೇಲೆ ನಿಂತು ಹೇಳಿದ ಹಾಗೆ ಅದು ನನ್ನ ಕೈಯಲ್ಲಿ ಬರಲಿಲ್ಲ, ಅದಕ್ಕೇ ಬಿಟ್ಟಿದ್ದೇನೆ.