ಮೂರನೆಯ ಕುಳಿಯ ಎಂಟು ಹೊಡೆತಗಳು

ಕಾರ್ಕಳದಾಚೆ ಗುಡ್ಡದ ಮೇಲಿದ್ದ ಆ ರೆಸಾರ್ಟಿನಲ್ಲಿ ಗಾಲ್ಫ್ ಆಡಲು ಮೂರು ಮೈದಾನಗಳಿದ್ದವು: ಹದಿನೆಂಟು ಕುಳಿಗಳದ್ದೊಂದು, ಒಂಬತ್ತರದ್ದೊಂದು, ಕಲಿಯುವವರಿಗಾಗಿ ಚಿಕ್ಕದೊಂದು. ನನ್ನ ಪತಿ ಎರಡು ದಿನಗಳ ಮಟ್ಟಿಗೆ ಕೋಣೆ ಕಾದಿರಿಸಿದ್ದರು. ಗಲ್ಫಿನಲ್ಲಿ ದುಡಿಯುತ್ತಿದ್ದಾಗ ಕಲಿತ ಆಟವದು. ಬನ್ನಂಜೆಯ ಮನೆಗೆ ಮರಳಿದ ಬಳಿಕ ಅವರ ಗಾಲ್ಫ್ ಚೀಲ ಮಂಚದಡಿಯಿಂದ ಹೊರಬಂದಿರಲಿಲ್ಲ.

ನನ್ನ ಕೈಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಪತಿಯ ಮರೆವುಗಳನ್ನು ಎರಡು ವಾರ ದಿನಾಂಕಸಹಿತ ಬರೆದಿಡುವಂತೆ ಮಣಿಪಾಲದ ವೈದ್ಯರು ಸೂಚಿಸಿದ್ದರು. "ಸಣ್ಣಪುಟ್ಟ ಮರೆವು ಎಲ್ಲರಿಗೂ ಉಂಟು ಟೀಚರ್. ಆಗಷ್ಟೇ ಮಾಡಿದ್ದನ್ನೇ ಮರೆಯುತ್ತಾರೆ ಅಂತಾದರೆ ಕಾರು ಓಡಿಸುವುದನ್ನು ಬಿಡಿಸಬೇಕಾಗುತ್ತದೆ" ಎಂದಿದ್ದರು. ಪ್ರೌಢಶಾಲೆಯಲ್ಲಿ ವ್ಯಾಕರಣ ಕಲಿಸಿದವಳು ನಾನು. ಅಂಚಿಗೆ ಕೆಂಪು ಗೆರೆ ಎಳೆದು ಬರೆಯತೊಡಗಿದ್ದೆ. ಕಾಪುವಿನ ದೀಪಸ್ತಂಭದ ಬಳಿ ನಿಂತು "ನಾವಿಲ್ಲಿಗೆ ಬಾರದೆ ಎಷ್ಟು ವರ್ಷವಾಯಿತು?" ಎಂದು ಅವರು ಕೇಳಿದ್ದು ಅದರಲ್ಲಿತ್ತು. ಹಿಂದಿನ ಭಾನುವಾರವಷ್ಟೇ ಬಂದಿದ್ದೆವು. ತಮಾಷೆಗೆ ಕೇಳಿರಲೂಬಹುದೆಂದು ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ.

ಎರಡನೆಯ ದಿನ ಬೆಳಿಗ್ಗೆ ಒಂಬತ್ತು ಕುಳಿಗಳ ಮೈದಾನಕ್ಕೆ ಹೋದೆವು. ಚೀಲ ಎಳೆಯಲು ಕುಕ್ಕುಂದೂರಿನ ಹೆಂಗಸೊಬ್ಬರು ಬಂದರು, ನನ್ನದೇ ವಯಸ್ಸಿನವರು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆಲ್ಲುವ ಈ ಆಟಕ್ಕೆ ಅಂಪೈರ್ ಇಲ್ಲ. ಪ್ರತಿ ಕುಳಿ ಮುಗಿದಾಗಲೂ ಎಷ್ಟು ಹೊಡೆತಗಳಾದವೆಂದು ಆಟಗಾರನೇ ಹೇಳಬೇಕು, ಜೊತೆಗಿರುವವರು ಕಾರ್ಡಿನಲ್ಲಿ ಬರೆಯಬೇಕು, ಕೊನೆಯಲ್ಲಿ ಆಟಗಾರ ಸಹಿ ಹಾಕಬೇಕು. ಬರೆಯುವ ಕೆಲಸ ನನ್ನದಾಯಿತು.

"ಪೆನ್ಸಿಲ್ ಚೂಪು ಮಾಡಿಯೇ ತಂದಿದ್ದೀಯಲ್ಲ ಮಾರಾಯ್ತಿ! ಗ್ರೇಸ್ ಮಾರ್ಕ್ಸ್ ಉಂಟಾ ಟೀಚರ್?" ಎಂದರು ಪತಿ.

"ಇಲ್ಲ."

"ಟೀಚರ್ ಹತ್ರ ಎಂತ ಕೇಳುವುದು ಸರ್, ಗಂಡನಿಗೂ ಕೊಡ್ಲಿಕ್ಕಿಲ್ಲ ಅವರು" ಎಂದು ಆ ಹೆಂಗಸು ನಕ್ಕರು.

ಮೊದಲೆರಡು ಕುಳಿಗಳಲ್ಲಿ ಪತಿ ಹೇಳಿದ ಸಂಖ್ಯೆಗೂ ನಾನು ಎಣಿಸಿದ್ದಕ್ಕೂ ವ್ಯತ್ಯಾಸವಿರಲಿಲ್ಲ. ಭುಜ ತಿರುಗುತ್ತಿದ್ದ ಬಗೆಯೂ ಗಲ್ಫಿನಿಂದ ಕಳಿಸುತ್ತಿದ್ದ ವಿಡಿಯೊಗಳಲ್ಲಿದ್ದಂತೆಯೇ ಇತ್ತು. ಮೂರನೆಯದರಲ್ಲಿ ಮೊದಲ ಹೊಡೆತಕ್ಕೇ ಚೆಂಡು ಗೇರುಮರಗಳ ಕೆಳಗೆ ಹೋಯಿತು. ಅಲ್ಲಿಂದ ಹೊರಬರಲು ಮೂರು, ಮರಳುಗುಂಡಿಯಲ್ಲಿ ಎರಡು, ಹುಲ್ಲುಹಾಸಿನ ಮೇಲೆ ಎರಡು.

"ಐದು" ಎಂದರು.

"ಎಂಟಾಯ್ತಲ್ಲ ಸ..." ಎಂದು ಆ ಹೆಂಗಸು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನಾದರು.

ಪತಿಗೆ ಅದು ಕೇಳಿಸಲಿಲ್ಲ, ಆಗಲೇ ಮುಂದೆ ನಡೆದಿದ್ದರು. ಅವರು ಸುಳ್ಳು ಹೇಳುವವರಲ್ಲ. ಹಿಂದೊಮ್ಮೆ ಯಾರೂ ನೋಡದಿರುವಾಗ ತಮ್ಮ ಕೈಯಿಂದ ಚೆಂಡು ಕದಲಿತೆಂದು ತಾವೇ ಒಂದು ಹೊಡೆತ ಹೆಚ್ಚಿಸಿಕೊಂಡು, ಅದರಿಂದಲೇ ಸೋತು ಬಂದು, ಫೋನಿನಲ್ಲಿ ನನಗೆ ಹೇಳಿದ್ದರು. ಆದ್ದರಿಂದ ಐದು ಎಂಬುದು ಅವರ ನೆನಪಿನಲ್ಲಿದ್ದ ಸಂಖ್ಯೆಯೇ ಆಗಿತ್ತು. ದುಃಖವಾಗಬೇಕಿತ್ತು, ಆಗಲಿಲ್ಲ. ಪೆನ್ಸಿಲ್ಲಿನ ಮೊನೆ ಕಾರ್ಡಿಗೆ ತಾಗಿದ್ದಷ್ಟೇ ತಿಳಿಯಿತು. ಅರ್ಧ ಅಂಕವನ್ನೂ ಯಾರಿಗೂ ಹೆಚ್ಚು ಕೊಡದ ನಾನು ಐದು ಎಂದೇ ಬರೆದೆ.

ಉಳಿದ ಆರು ಕುಳಿಗಳಲ್ಲಿ ನಾನು ಎಣಿಸಲಿಲ್ಲ. ಹೇಳಿದ್ದನ್ನು ಬರೆದುಕೊಳ್ಳುತ್ತಾ ಹೋದೆ.

ಆಟ ಮುಗಿದ ಮೇಲೆ, ಕಾರು ನಿಲ್ಲಿಸಿದ್ದಲ್ಲಿ, ಪತಿ ಕಾರ್ಡನ್ನು ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಲು ಬಾಗಿದರು. ಪೆನ್ಸಿಲ್ ಮೂರನೆಯ ಕುಳಿಯ ಚೌಕದ ಬಳಿ ನಿಂತಿತು.

"ಇಲ್ಲಿ ಐದು ಅಂದದ್ದು ನಾನಾ?"

"ಹೌದು."

"ನೀನು ಎಷ್ಟು ಎಣಿಸಿದೆ?"

ಅವರ ಕಣ್ಣು ನನ್ನ ಮೇಲೆಯೇ ಇತ್ತು. "ಎಂಟು" ಎಂದೆ.

"ಗೇರುಮರ ನೆನಪುಂಟು. ಆಮೇಲಿನದ್ದು ಇಲ್ಲ." ಪೆನ್ಸಿಲ್ಲನ್ನು ಐದರ ಮೇಲೆ ತಂದರು. "ಗ್ರೇಸ್ ಮಾರ್ಕ್ಸ್ ಇಲ್ಲ ಅಂತ ನೀನೇ ಅಂದಿದ್ದೆ ಅಲ್ವಾ?"

ಐದನ್ನು ಹೊಡೆದು ಹಾಕಿ, ಎಂಟು ಎಂದು ತಾವೇ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ, ಕೆಳಗೆ ಪೂರ್ಣ ಸಹಿ ಹಾಕಿದರು. ಅನಂತರ ಜೇಬಿನಿಂದ ಕಾರಿನ ಕೀ ತೆಗೆದು ಕಾರ್ಡಿನ ಮೇಲಿಟ್ಟರು. ವೈದ್ಯರು ಹೇಳಿದ್ದು ಅವರಿಗೂ ಗೊತ್ತಿತ್ತು.

ನಾನು ಸೀಟನ್ನು ಮುಂದಕ್ಕೆಳೆದುಕೊಂಡೆ, ಕನ್ನಡಿ ಸರಿಪಡಿಸಿದೆ, ಬೆಲ್ಟ್ ಹಾಕಿಕೊಂಡೆ. ಕಾರ್ಕಳ ದಾಟುವವರೆಗೂ ಸೆಕೆಂಡ್ ಗೇರಿನಲ್ಲೇ ಓಡಿಸಿದೆ. ಆಮೇಲೆ ಅವರು ಹೇಳಿದರು: "ಇನ್ನಾದರೂ ಥರ್ಡ್ ಗೇರ್ ಹಾಕು ಮಾರಾಯ್ತಿ. ಇಂಜಿನ್ ಕೂಗುತ್ತಾ ಉಂಟು."

ಹಾಕಿದೆ.