ಸೀನಿಯಾರಿಟಿಗೆ ಧಕ್ಕೆ ಬಾರದಂತೆ

ಮಲ್ಕಾಜ್‌ಗಿರಿಯ ವಾಸುದೇವರಾಯರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಆದರೆ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಮನೆಯಲ್ಲಿ ಎಲ್ಲದಕ್ಕೂ ಸೀನಿಯಾರಿಟಿ. ಉಪ್ಪಿನಕಾಯಿಯ ಹಳೆ ಭರಣಿ ತಳ ಕಾಣುವ ತನಕ ಹೊಸದರ ಬಾಯಿಬಟ್ಟೆ ಬಿಚ್ಚುವಂತಿಲ್ಲ. ಮಗಳು ಅಮಿತಾ ಕೊಂಡಾಪುರದ ಕಂಪನಿಯಲ್ಲಿ ಇಪ್ಪತ್ತಾರಕ್ಕೇ ಟೀಮ್ ಲೀಡ್ ಆದಾಗ ಹೆಂಡತಿ ಮಂದಾಕಿನಿಬಾಯಿ ಓಣಿಗೆಲ್ಲ ಪೇಢೆ ಹಂಚಿದರು. ರಾಯರು ಮಾತ್ರ ಮಗಳ ಕೈಕೆಳಗಿನವರ ವಯಸ್ಸು ವಿಚಾರಿಸಿ, ಒಬ್ಬನಿಗೆ ನಲವತ್ತು ಎಂದು ತಿಳಿದು, ಕೈಯಲ್ಲಿದ್ದ ಪೇಢೆಯನ್ನು ಅರ್ಧಕ್ಕೇ ಕೆಳಗಿಟ್ಟರು.

ಹೊಟ್ಟೆಯಲ್ಲಿ ಹಳೆಯ ಉರಿ ಇತ್ತು. ೧೯೯೪ರಲ್ಲಿ ಅವರಿಗೆ ಬರಬೇಕಿದ್ದ ಸೂಪರಿಂಟೆಂಡೆಂಟ್ ಕುರ್ಚಿ ಪ್ರಾಣೇಶನ ಪಾಲಾಗಿತ್ತು. ಅವನು ಒಂಬತ್ತು ವರ್ಷ ಕಿರಿಯ. ಟಿಪ್ಪಣಿ ಬರೆಯುವುದನ್ನು ಇವರಿಂದಲೇ ಕಲಿತವನು. ಅಂದಿನಿಂದ ರಾಯರು ವರ್ಷಕ್ಕೊಂದು ಮನವಿ ಬರೆಯುತ್ತಲೇ ಬಂದಿದ್ದರು. ಈ ವರ್ಷದ್ದು ಹನ್ನೊಂದನೆಯದು, ಸೋಮವಾರದೊಳಗೆ ಕಳಿಸಬೇಕು. ಹಳೆಯ ಆದೇಶಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರಲ್ಲಿ ತುರುಕಿದ್ದರಿಂದ, ಆ ಫೈಲ್ ತೆರೆಯಹೋದರೆ ಕಂಪ್ಯೂಟರ್ ಕೈಚೆಲ್ಲಿ ಕೂತುಬಿಡುತ್ತಿತ್ತು.

ಅಮಿತಾ ಒಂದು ಜಿಬಿಯ ಹೊಸ ರ‍್ಯಾಮ್ ತಂದುಕೊಟ್ಟಳು. ರಾಯರು ತಾವೇ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಮೊದಲ ಸ್ಲಾಟಿನಲ್ಲಿದ್ದ ಹಳೆಯ ರ‍್ಯಾಮನ್ನು ಮುಟ್ಟದೆ, ಹೊಸದನ್ನು ಎರಡನೆಯದರಲ್ಲಿ ಕೂಡಿಸಿದರು. ಹಳೆಯದು ಇನ್ನೂರೈವತ್ತಾರು ಎಂಬಿ. ಒಟ್ಟು ಸಾವಿರದ ಇನ್ನೂರೆಂಬತ್ತು ಬರಬೇಕು. ಪರದೆ ತೋರಿಸಿದ್ದು ಐನೂರ ಹನ್ನೆರಡು. ತೆಗೆದರು, ರಬ್ಬರಿನಿಂದ ಉಜ್ಜಿದರು, ಊದಿದರು, ಮತ್ತೆ ಕೂಡಿಸಿದರು. ಪರದೆ ತನ್ನ ಮಾತು ಬದಲಿಸಲಿಲ್ಲ.

ಶನಿವಾರ ಬೆಳಿಗ್ಗೆ ಹುಲಗೇಶನನ್ನು ಕರೆಸಿದರು. ಕೊಪ್ಪಳದ ಕಡೆಯವನು, ಗಚ್ಚಿಬೌಲಿಯಲ್ಲಿ ಕೇಬಲ್ ಎಳೆಯುವ ಕೂಲಿಗೆ ಬಂದು, ನೋಡಿ ನೋಡಿಯೇ ಕೆಲಸ ಕಲಿತು, ಈಗ ಸ್ಟೇಷನ್ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ. ಕಂಪ್ಯೂಟರಿನೊಳಗಿನ ಮದರ್‌ಬೋರ್ಡಿನ ಮೇಲಿನ ನಂಬರ್ ಓದಿ ನಕ್ಕುಬಿಟ್ಟ.

"ಸಾಹೇಬ್ರ, ರ‍್ಯಾಮ್ ಚಲೋ ಐತ್ರಿ. ಈ ಬೋರ್ಡಿನ ಸ್ವಭಾವನ ಹಂಗ. ಮುಂದ ಕುಂತಾಂವಗಿಂತ ಹಿಂದಿನಾಂವ ದೊಡ್ಡಾಂವ ಅಂದ್ರ ಒಪ್ಪಂಗಿಲ್ಲ. ಹಿಂದಿನಾಂವನ್ನೂ ಇನ್ನೂರೈವತ್ತಾರ ಅಂತನ ಹಿಡೀತೈತಿ. ಹೊಸಾದನ್ನ ಮುಂದ ಹಾಕೂಣು, ಹಳೇದನ್ನ ಹಿಂದ."

ರಾಯರ ಮುಖ ಕೆಂಪಾಯಿತು. "ಹಳೇದು ಎರಡು ವರ್ಷದಿಂದ ಸೇವಾದಾಗ ಅದ. ನಿನ್ನೆ ಬಂದದ್ದನ್ನ ಅದರ ಮುಂದ ಕೂಡಸು ಅಂತೀಯಲ್ಲ?"

"ಅದಕ್ಕೇನ್ ಗೊತ್ತಾಗ್ತೈತ್ರಿ, ಸಾಹೇಬ್ರ?"

"ನನಗ ಗೊತ್ತಾಗ್ತದಲ್ಲೋ!"

ಹುಲಗೇಶ ಸ್ಕ್ರೂಡ್ರೈವರ್ ಕೆಳಗಿಟ್ಟು ಚಹಾಕ್ಕೆ ಕೈಹಾಕಿದ. ಮಂದಾಕಿನಿಬಾಯಿ ಅಡುಗೆಮನೆಯಿಂದಲೇ ಅಂದರು: "ನಾಡಿದ್ದ ಸೋಮವಾರ. ಅರ್ಜಿ ಹೋಗಬೇಕೋ, ರ‍್ಯಾಮಿನ ಮರ್ಯಾದಿ ಉಳೀಬೇಕೋ, ಒಂದು ನಿಕ್ಕಿ ಮಾಡ್ರಿ."

ರಾಯರು ಮುಖ ತಿರುಗಿಸಿ ಕೈಸನ್ನೆ ಮಾಡಿದರು. ಅದಲುಬದಲಾಯಿತು. ಪರದೆ ಸಾವಿರದ ಇನ್ನೂರೆಂಬತ್ತು ತೋರಿಸಿತು.

"ಹಳೇದು ಪೂರಾ ಲೆಕ್ಕಕ್ಕ ಬಂತೇನು?" ರಾಯರ ದನಿ ಸಣ್ಣದಾಗಿತ್ತು.

"ಪೂರಾ ಬಂತ್ರಿ. ಒಂದೂ ಕಮ್ಮಿ ಆಗಿಲ್ಲ."

ಹುಲಗೇಶ ಹೋದ ಮೇಲೆ ರಾಯರು ಕಾಗದದ ಚೂರೊಂದರ ಮೇಲೆ ದುಂಡಗೆ ಬರೆದು, ತಾರೀಖು ಹಾಕಿ, ಸಹಿ ಮಾಡಿ, ಕಂಪ್ಯೂಟರ್ ಡಬ್ಬಿಗೆ ಅಂಟಿಸಿದರು. 'ಕಾರ್ಯದ ಅನುಕೂಲಕ್ಕಾಗಿ ಮಾಡಿದ ವ್ಯವಸ್ಥೆ. ಹಳೆಯ ರ‍್ಯಾಮಿನ ಸೀನಿಯಾರಿಟಿಗೆ ಧಕ್ಕೆ ಇರುವುದಿಲ್ಲ. ಅದರ ಸೇವೆಯಲ್ಲಿ ಯಾವ ದೋಷವೂ ಕಂಡುಬಂದಿಲ್ಲ.'

ಮಂದಾಕಿನಿಬಾಯಿ ಕನ್ನಡಕ ಹಾಕಿಕೊಂಡು ಓದಿದರು. ನಗಲೆಂದೇ ಬಂದವರು ನಗಲಿಲ್ಲ.

"ಇಷ್ಟು ನಿಮಗೂ ಯಾರರೆ ಬರದು ಕೊಟ್ಟಿದ್ರ..." ಎಂದು ಅರ್ಧಕ್ಕೇ ನಿಲ್ಲಿಸಿ ಒಳಗೆ ಹೋದರು.

ರಾಯರು ಮನವಿ ತೆರೆದರು. ಈ ಸಲ ತಟ್ಟನೆ ತೆರೆದುಕೊಂಡಿತು. ಇಪ್ಪತ್ತಮೂರು ಬೇಡಿಕೆಗಳಿದ್ದವು. ಕುರ್ಚಿ ಅನ್ಯಾಯವಾಗಿ ಹೋಯಿತೆಂಬುದರಿಂದ ಹಿಡಿದು, ಪ್ರಾಣೇಶನಿಗೆ ಸಿಕ್ಕ ಗೋದ್ರೇಜ್ ಕಪಾಟಿನವರೆಗೆ. ಒಂದೊಂದನ್ನೇ ಓದಿ ಅಳಿಸುತ್ತ ಹೋದರು. ಊಟಕ್ಕೆ ಕರೆ ಬರುವ ಹೊತ್ತಿಗೆ ಒಂದೇ ಒಂದು ಉಳಿದಿತ್ತು, ಅದೂ ಹೊಸದು: 'ನನ್ನ ಸೇವೆಯಲ್ಲಿ ಯಾವ ದೋಷವೂ ಕಂಡುಬಂದಿರಲಿಲ್ಲ ಎಂದು ಒಂದು ಸಾಲು ಬರೆದು ಕೊಡಬೇಕಾಗಿ ವಿನಂತಿ.'